ಹುರಿಯದೆ ಉಳಿದ ಬೀಜ

ಎರಡಾಳು ಹೊರುವಂಥ ಕುಂಬಳಕಾಯಿ ಬೆಳೆಯಬೇಕೆಂಬ ಹುಚ್ಚು ನನಗೆ ಹಿಡಿದದ್ದು ಹೋದ ಚಳಿಗಾಲದಲ್ಲಿ. ಮೊಬೈಲಿನಲ್ಲಿ ನೋಡಿ ಮೂರು ಬೀಜ ತರಿಸಿದೆ. ಒಂದೊಂದೂ ಹೆಬ್ಬೆರಳಿನಷ್ಟು ಅಗಲ. ಮನೆಯೊಳಗೇ ಮೊಳಕೆ ಬರಿಸಿ, ಚಳಿ ಇಳಿದ ಮೇಲೆ ಸಂಪಗಾಂವ ರಸ್ತೆಯ ನಮ್ಮ ಹೊಲಕ್ಕೆ ಒಯ್ಯುವ ವಿಚಾರ.

ನಮ್ಮ ಬೈಲಹೊಂಗಲದಲ್ಲಿ ಮೊಳಕೆ ಎಂದರೆ ಮಡಕಿಕಾಳು. ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ರೊಟ್ಟಿ ಬುಟ್ಟಿಯ ಪಕ್ಕ ಬೆಚ್ಚಗಿಟ್ಟರೆ ಮೊಳೆಯುತ್ತವೆ, ಉಸಳಿ ಪಲ್ಯವಾಗುತ್ತವೆ. ನನಗೂ ಬೇರೆ ದಾರಿ ಗೊತ್ತಿಲ್ಲ. ಬೀಜಗಳನ್ನು ಹಾಗೇ ಕಟ್ಟಿಟ್ಟೆ. ನಗುತ್ತಾರೆಂದು ಯಾರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಅಡುಗೆಮನೆಗೆ ಬಂದರೆ ಹುರಿದ ವಾಸನೆ. ಅತ್ತೆ ತಮ್ಮ ಮಡಕಿಕಾಳೆಂದು ನನ್ನ ಗಂಟು ಬಿಚ್ಚಿ, ಕುಂಬಳ ಬೀಜ ಕಂಡು, ತಿನ್ನಲು ತೊಳೆದಿಟ್ಟದ್ದೆಂದುಕೊಂಡು ಎರಡನ್ನು ಹಂಚಿಗೆ ಹಾಕಿಬಿಟ್ಟಿದ್ದರು. ಮೂರನೆಯದರ ತುದಿಯಲ್ಲಿ ಬಿಳಿ ಬೇರು ಇಣುಕಿತ್ತು. ಜೀವ ಬಂದದ್ದನ್ನು ಹೇಗೆ ಹುರಿಯುವುದೆಂದು ಅದನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹುರಿದವನ್ನು ಸುಲಿದು ತಿಂದ ನನ್ನ ಗಂಡ ಉಪ್ಪು ಕಡಿಮೆ ಎಂದರು. ಇಬ್ಬರೊಡನೆಯೂ ಮಾತು ಬಿಟ್ಟೆ.

ಉಳಿದ ಬೀಜವನ್ನು ಡಬ್ಬಿಯ ಮಣ್ಣಿಗೆ ಹಾಕಿ ಕಿಟಕಿಯಲ್ಲಿಟ್ಟೆ. ಅತ್ತೆ ಅದನ್ನು ಮುಟ್ಟಲಿಲ್ಲ. ದೂರದಿಂದಲೇ ಅವರ ಕಾರುಬಾರು: ಬಿಸಿಲಿಗೆ ಸರಿಸು, ನೀರು ಸಾಕು. ನೆರೆಯವರ ಕಣ್ಣು ಬೀಳಬಾರದೆಂದು ಡಬ್ಬಿಗೆ ನನ್ನಿಂದ ಕಾಡಿಗೆಯ ಬೊಟ್ಟನ್ನೂ ಇಡಿಸಿದರು. ಊರಿನ ದೃಷ್ಟಿ ತೆಗೆಯುವ ಕುಂಬಳದ ಜಾತಿಗೇ ದೃಷ್ಟಿಬೊಟ್ಟು. ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ.

ಸಸಿ ಎದ್ದಿತು. ಆದರೆ ಬೀಜದ ಸಿಪ್ಪೆ ಎಲೆಗಳನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಎಲೆ ಬಿಚ್ಚದಿದ್ದರೆ ಸಸಿ ಹೋದ ಹಾಗೆಯೇ. ಉಗುರಿನಿಂದ ಕೀಳಲು ಹೋದರೆ ಎಲೆಯೇ ಹರಿಯುವಂತಿತ್ತು. ಕೂಸುಗಳಿಗೆ ನೀರೆರೆಯುವುದರಲ್ಲಿ ಅತ್ತೆಯ ಕೈ ಓಣಿಗೆಲ್ಲ ಹೆಸರುವಾಸಿ. ನೀವೇ ತೆಗೆಯಿರಿ ಎಂದೆ. ಅವರು ಹಿಂದೆ ಸರಿದರು.

“ಹುರಿದ ಕೈ ಐತಿ ಇದು. ನಾ ಮುಟ್ಟಂಗಿಲ್ಲವ್ವಾ.”

ಇಷ್ಟು ದಿನ ಇದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರೆಂದು ತಿಳಿದು ನನಗೆ ಅಯ್ಯೋ ಅನ್ನಿಸಿತು.

“ಇದನ್ನ ಉಳಿಸಿದ್ದೂ ಅದ ಕೈ ರೀ,” ಎಂದೆ.

ಅತ್ತೆ ಬೆಚ್ಚನೆಯ ನೀರಿನಲ್ಲಿ ಬೆರಳು ಅದ್ದಿ ಸಿಪ್ಪೆಗೆ ಹಚ್ಚಿದರು, ಕಾದರು, ಮತ್ತೆ ಹಚ್ಚಿದರು. ಸಿಪ್ಪೆ ಜಾರಿ ಅವರ ಬೆರಳಿಗೆ ಅಂಟಿಕೊಂಡು ಬಂತು. ಆಮೇಲೆ ಒಲೆ ಹಚ್ಚಲು ಇಬ್ಬರಿಗೂ ಮನಸ್ಸಾಗಲಿಲ್ಲ. ಎರಡೂ ಎಲೆ ಬಿಚ್ಚುವತನಕ ಕಿಟಕಿಯ ಮುಂದೆ ಒಬ್ಬರಿಗೊಬ್ಬರು ಒರಗಿ ಕೂತೆವು.