ಬಣ್ಣ ಬಳಿದ ಹಾರ್ಮೋನಿಯಂ

ತೊಣ್ಣೂರು ಕೆರೆ ಪಕ್ಕದ ಊರಿನವರು ಆಡುತ್ತಿದ್ದ ಪೌರಾಣಿಕ ನಾಟಕಕ್ಕೆ ಪರದೆ ಬರೆಯುತ್ತಿದ್ದವನು ನಾನೇ. ಪಾಂಡವಪುರದ ಬಸ್ ಸ್ಟ್ಯಾಂಡ್ ಎದುರು ಬೋರ್ಡ್ ಬರೆಯುವ ಅಂಗಡಿ ಇಟ್ಟಿದ್ದೆ. ಚಿತ್ರ ಬರೆಯುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಕಬ್ಬಿನ ಟ್ರೇಲರ್‌ಗಳ ಹಿಂದೆ ನವಿಲು ಬರೆದು ಬರೆದೇ ಕೈ ಕುದುರಿತು. ಮೊದಮೊದಲು ನನ್ನ ನವಿಲನ್ನು ಕೋಳಿ ಅಂದವರಿದ್ದರು. ಅನ್ನಲಿ ಬಿಡಿ, ಆಮೇಲೆ ಅವರೇ ಬಂದು ಬರೆಸಿಕೊಂಡರು.

ತೊಂಬತ್ತರ ದಶಕದ ನಡುವೆ ನನಗೆ ಸಂಗೀತದ ಹುಚ್ಚು ಹಿಡಿಯಿತು. ನಾಗಮಂಗಲದ ತಂಡವೊಂದಕ್ಕೆ ಅರಮನೆಯ ಪರದೆ ಬರೆದುಕೊಟ್ಟು, ಅವರ ಅಟ್ಟದಲ್ಲಿ ಬಿದ್ದಿದ್ದ ಹಳೇ ಹಾರ್ಮೋನಿಯಂ ಕೇಳಿ ತಂದೆ. ಸ್ವರ ನೆನಪಿಡಲು ನನಗೆ ತಿಳಿದಿದ್ದ ದಾರಿ ಒಂದೇ. ಎನಾಮಲ್ ಪೇಂಟ್ ತೆಗೆದು ನಡುವಿನ ಏಳು ಬಿಳಿ ಕೀಗಳಿಗೂ ಬಣ್ಣ ಹಚ್ಚಿದೆ. 'ಸ' ಕೆಂಪು, 'ರಿ' ಹಳದಿ, 'ಗ' ಹಸಿರು, ಹೀಗೆ. ಆ ಬಣ್ಣಗಳನ್ನು ಹಿಡಿದೇ, ನಾಟಕದ ರಾಜ ಊರು ಬಿಟ್ಟು ಹೊರಡುವಾಗಿನ ಹಾಡಿಗೆ ಹೊಸ ಧಾಟಿ ಕಟ್ಟಿದೆ. ನಾಟಕದವರು ಅದನ್ನು ಮಟ್ಟು ಅನ್ನುತ್ತಾರೆ. ಅದುವರೆಗೆ ಆ ಹಾಡನ್ನು ಯಾವುದೋ ಸಿನಿಮಾ ಮಟ್ಟಿನಲ್ಲಿ ಹಾಡುತ್ತಿದ್ದರು. ರಾಜ ಅಳುತ್ತಿದ್ದರೆ ಕೂತವರಿಗೆ ಎದ್ದು ಕುಣಿಯಬೇಕು ಅನ್ನಿಸುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ನನ್ನ ಮಟ್ಟನ್ನು ರಂಗದ ಮೇಲೆ ಹಾಡಿಸಿಯೇ ತೀರಬೇಕು ಅಂತ ಹಟ ಹಿಡಿದೆ.

ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಕೆ.ಆರ್. ಪೇಟೆ ಕಡೆಯಿಂದ ಮೊಪೆಡ್‌ನಲ್ಲಿ ಬರುತ್ತಿದ್ದರು. ಭಾನುವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಅಭ್ಯಾಸ. ನನ್ನ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಹೋದೆ. ಕೀಗಳನ್ನು ನೋಡಿ ಮೇಷ್ಟ್ರು, "ಏನ್ಲಾ ಇದು, ಸಂಕ್ರಾಂತಿ ಎತ್ತಿನ ಕೊಂಬಾ? ನುಡ್ಸು ನೋಡಾನ," ಅಂದರು.

ರಾಜನ ಪಾತ್ರದವನು ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನು. ಅವನ ಶ್ರುತಿ ಕಪ್ಪು ಎರಡು, ಅಂದರೆ ಅವನ 'ಸ' ಎರಡನೇ ಕಪ್ಪು ಕೀಯಿಂದ ಶುರುವಾಗಬೇಕು. ನಾನು ಕಪ್ಪು ಕೀಗಳನ್ನು ಮುಟ್ಟಿಯೇ ಇರಲಿಲ್ಲ. ಹಾಡುವವನ ಗಂಟಲಿಗೆ ತಕ್ಕಂತೆ 'ಸ' ಜಾಗ ಬದಲಾಯಿಸುತ್ತದೆ ಅಂತ ನನಗೆ ಯಾರು ಹೇಳಿದ್ದರು? ಅವನು ಎಲ್ಲೋ ಹಾಡಿದ, ನಾನು ಎಲ್ಲೋ ಒತ್ತಿದೆ. ಅಭ್ಯಾಸಕ್ಕೆ ಬಂದವರೆಲ್ಲ ಬಿದ್ದು ಬಿದ್ದು ನಕ್ಕರು.

"ಬಣ್ಣ ಬಳಿಯೋನ್ಗೆ ಇದೆಲ್ಲ ಯಾಕ್ಲಾ? ಪರ್ದೆ ಬರ್ದಿದ್ದೀಯ, ಅದ್ರ ಇಂದ್ಗಡೆ ಇರು," ಅಂದರು ಮೇಷ್ಟ್ರು.

"ಬಣ್ಣಾನೂ ನಂಗ್ಯಾರೂ ಹೇಳ್ಕೊಡ್ನಿಲ್ಲ ಮೇಷ್ಟ್ರೆ. ಮುಂದಿನ್ ವಾರ ಬತ್ತೀನಿ."

ಅಂಗಡಿಗೆ ಬಂದು ಬ್ಲೇಡ್ ಹಿಡಿದು ಕೂತೆ. ಒಣಗಿದ ಎನಾಮಲ್ ಸುಲಭಕ್ಕೆ ಬಿಡುವುದಿಲ್ಲ. ಕೀಗಳ ಮೇಲೆಲ್ಲ ಗೀರು ಬಿತ್ತು, ಹೆಬ್ಬೆರಳು ಕುಯ್ದುಕೊಂಡೆ. ಆಮೇಲೆ ಕಣ್ಣು ಮುಚ್ಚಿಕೊಂಡು ಕಪ್ಪು ಎರಡರಿಂದ ಅದೇ ಮಟ್ಟನ್ನು ಬೆಳಗ್ಗೆ ಸಂಜೆ ನುಡಿಸಿದೆ. ಪಕ್ಕದ ಸೈಕಲ್ ಶಾಪಿನ ಸಾಬರು, "ಬಸ್ ಕರೋ ಭಾಯ್, ಸಾಕ್ ಮಾಡು, ಇನ್ನು ನಾನೇ ರಾಜನ್ ಪಾರ್ಟ್ ಮಾಡ್ಬುಡ್ತೀನಿ," ಅಂತ ಗೋಗರೆದರು. ಒಂದು ವಾರ ಅಂದಿದ್ದು ಮೂರು ವಾರ ಹಿಡಿಯಿತು.

ಮತ್ತೆ ಹೋಗಿ ನುಡಿಸಿದೆ. ಬೆಲ್ಲದವನು ಹಾಡಿದ. ಯಾರೂ ನಗಲಿಲ್ಲ. ಮುಗಿದ ಮೇಲೆ ಅವನೇ, "ಇನ್ನೊಂದ್ಸಲ ಎತ್ಲಾ," ಅಂದ. ಮೇಷ್ಟ್ರು ಮಾತ್ರ "ನೋಡಾನ ಬುಡು" ಅಂತ ಮೊಪೆಡ್ ಹತ್ತಿದರು. ನಮ್ಮ ಕಡೆ ನೋಡಾನ ಅಂದರೆ ಇಲ್ಲ ಅಂತಲೇ ಅರ್ಥ.

ನಾಟಕದ ಹಿಂದಿನ ದಿನ ಎಲ್ಲರ ಹೆಸರೂ ಇರುವ ಬೋರ್ಡ್ ಬರೆದು ಊರಬಾಗಿಲಲ್ಲಿ ನಿಲ್ಲಿಸುವುದು ವಾಡಿಕೆ. ಬರೆಯುವವನು ನಾನೇ ತಾನೆ. ಮೇಲೆ ಮೇಷ್ಟ್ರ ಹೆಸರು ಬರೆದೆ. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ 'ರಾಜನ ಹಾಡಿನ ಹೊಸ ಮಟ್ಟು' ಅಂತ ಬರೆದು ನನ್ನ ಹೆಸರು ಹಾಕಿದೆ. ಯಾರನ್ನೂ ಕೇಳಲಿಲ್ಲ.

ಸಂಜೆ ಬಂದ ಮೇಷ್ಟ್ರು ಅದನ್ನು ನೋಡಿ ಕೆಂಡವಾದರು. "ಯಾರ್ನ ಕೇಳಿ ಬರ್ದೆ? ಅಳ್ಸ್ಲಾ ಅದ!"

"ಎನಾಮಲ್ಲು ಮೇಷ್ಟ್ರೆ, ಒಣಗೋಗದೆ." ಜೇಬಿನಿಂದ ಬ್ಲೇಡ್ ತೆಗೆದು ಅವರ ಕೈಗೆ ಕೊಟ್ಟೆ. "ನಾನು ಪೆಟ್ಟಿಗೆ ಕೆರ್ದಿದ್ದು ಇದ್ರಲ್ಲೇ. ಬೇಕಾದ್ರೆ ನೀವೂ ಕೆರೀರಿ."

ನಾನು ಕಣ್ಣು ಕೆಳಗಿಳಿಸಲಿಲ್ಲ. ಮೇಷ್ಟ್ರು ನನ್ನ ಹೆಬ್ಬೆರಳಿನ ಗಾಯದ ಕಲೆ ನೋಡಿದರು, ಬೋರ್ಡ್ ನೋಡಿದರು. ಬ್ಲೇಡನ್ನು ನನಗೇ ವಾಪಸ್ ಕೊಟ್ಟರು.

"ನಾಳೆ ರಾಜನ್ ಆಡ್ಗೆ ಪೆಟ್ಟಿಗೆ ಮುಂದೆ ನೀನೇ ಕೂತ್ಕೊ. ತಪ್ಪುದ್ರೆ ಬೋರ್ಡ್ನ ನೀನೇ ಕೆರೀಬೇಕು, ತಿಳ್ಕೊ."

ಆ ಬೋರ್ಡ್ ಈಗಲೂ ನನ್ನ ಅಂಗಡಿಯ ಗೋಡೆಗೆ ಒರಗಿಕೊಂಡಿದೆ. ಅದರ ಮೇಲೆ ಒಂದು ಗೀರೂ ಇಲ್ಲ.