ಆರ್ವಿಡ್‌ನ ನುಣುಪಾದ ಗುಂಡಿಗಳು

ಆರ್ವಿಡ್ ಟೋಲಫ್ಸನ್ ನಮ್ಮೂರಿನಲ್ಲಿ ಮುನ್ನೂರರಷ್ಟು ಗಿಡ ನೆಟ್ಟಿರಬೇಕು. ಅವುಗಳಲ್ಲಿ ಬಹುಪಾಲು ಸತ್ತವು. ಆದರೂ ಈ ಊರಿನಲ್ಲಿ ನಾನು ಯಾರಿಗಾದರೂ ಋಣಿಯಾಗಿದ್ದರೆ ಅದು ಅವನಿಗೇ. ಹೀಗೆಂದಾಗಲೆಲ್ಲ ನನ್ನ ಗಂಡ ಲೈಲ್, "ಮೆಲ್ಲಗೆ ಮಾತಾಡೆ, ಯಾರಾದ್ರೂ ಕೇಳಿಸ್ಕೊಂಡಾರು" ಎನ್ನುತ್ತಾನೆ. ನಮ್ಮ ಮನೆಯ ಸುತ್ತ ಕಣ್ಣು ಹಾಯುವಷ್ಟು ದೂರವೂ ಸಕ್ಕರೆ ಬೀಟ್ ಹೊಲ. ಕೇಳಿಸಿಕೊಳ್ಳಲು ಒಂದು ನರಪಿಳ್ಳೆಯೂ ಇರುವುದಿಲ್ಲ.

ನಾನು ಈ ಊರಿನವಳಲ್ಲ. ನನ್ನ ತವರು ಪಕ್ಕದ ಜಿಲ್ಲೆಯಲ್ಲಿ, ಪೋಲಿಷ್ ಮೂಲದ ಜನರ ಊರು. ಅಲ್ಲಿ ಜಗಳವೆಂದರೆ ತಟ್ಟೆ ಹಾರುತ್ತಿತ್ತು, ಸಂಜೆ ಅದೇ ತಟ್ಟೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದೆವು. ಕೆನಡಾ ಗಡಿಗೆ ಸಮೀಪದ ಈ ಊರಿನವರು ನಾರ್ವೆ ಮೂಲದ ಲೂಥರನ್ ಕ್ರೈಸ್ತರು. ಮನೆಗೆ ಬೆಂಕಿ ಬಿದ್ದರೂ "ಇವತ್ತು ಸ್ವಲ್ಪ ಬೆಚ್ಚಗಿದೆ ಅಲ್ವಾ" ಎನ್ನುವ ಪೈಕಿ. ಕಾಫಿ ಬೇಕಾ ಎಂದು ಕೇಳಿದರೆ ಎರಡು ಸಲ ಬೇಡವೆಂದು, ಮೂರನೆಯ ಸಲ "ಹೇಗೂ ಮಾಡಿದೀರಲ್ಲ, ಅರ್ಧ ಕಪ್ಪು" ಎನ್ನಬೇಕು. ಹೊಸ ಸೊಸೆಯಾಗಿ ಬಂದ ದಿನ ನಾನು ಮೊದಲ ಸಲಕ್ಕೇ "ಹೂಂ, ತುಂಬ ಕೊಡಿ" ಎಂದು ಅತ್ತೆಯನ್ನು ಬೆಚ್ಚಿಬೀಳಿಸಿದ್ದೆ. ವಾಂಡಾಗೆ ಬಾಯಿ ಜೋರು ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು, ನಲವತ್ತು ವರ್ಷವಾದರೂ ಬಿಡಲಿಲ್ಲ.

ಆರ್ವಿಡ್ ಬದುಕಿನುದ್ದಕ್ಕೂ ಸಕ್ಕರೆ ಕಾರ್ಖಾನೆಗೆ ಬೀಟ್ ಸಾಗಿಸುವ ಲಾರಿ ಓಡಿಸಿದವನು. ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ಮಿರ್ನಾ ಒಂದು ಜನವರಿಯಲ್ಲಿ ತೀರಿಕೊಂಡಳು. ನಮ್ಮ ಚರ್ಚಿನ ಸ್ಮಶಾನದ ಉತ್ತರಕ್ಕೆ ಮೊದಲು ಆ್ಯಶ್ ಮರಗಳ ಸಾಲಿತ್ತು. ಹುಳ ಬಿದ್ದು ಅದೆಲ್ಲ ಒಣಗಿ, ಕಡಿದುಹಾಕಿದ್ದರು. ಕೆನಡಾದಿಂದ ಹೊರಟ ಗಾಳಿಗೆ ನಡುವೆ ಒಂದು ಮುಳ್ಳುಬೇಲಿಯ ತಡೆ ಬಿಟ್ಟರೆ ಏನೂ ಇರಲಿಲ್ಲ. ಮಿರ್ನಾಳನ್ನು ಮಣ್ಣು ಮಾಡುವಾಗ ಪಾದ್ರಿಯ ಕೈಯಲ್ಲಿದ್ದ ಪ್ರಾರ್ಥನೆಯ ಹಾಳೆ ಹಾರಿಹೋಯಿತು. ಚಳಿಗೆ ಯಾರಿಗೂ ನಿಲ್ಲಲಾಗದೆ ಅರ್ಧಕ್ಕೇ ಆಮೆನ್ ಹೇಳಿ ಎಲ್ಲರೂ ಕಾರುಗಳತ್ತ ಓಡಿದೆವು. ಆರ್ವಿಡ್ ಮಾತ್ರ ಟೋಪಿ ಕೈಯಲ್ಲಿ ಹಿಡಿದು ಬರಿದಲೆಯಲ್ಲಿ ನಿಂತೇ ಇದ್ದ.

ಅದಕ್ಕೆ ಮುಂಚಿನ ಶರತ್ಕಾಲದಲ್ಲಿ ಮಿರ್ನಾ ತನ್ನ ತವರಿನ ಓಕ್ ಮರದ ಬೀಜಗಳನ್ನು ಆರಿಸಿ ತಂದು ಹಿತ್ತಲ ಪಾತಿಯಲ್ಲಿ ಊರಿದ್ದಳು. ಮರುವರ್ಷ ಆ ಮರವಿದ್ದ ತವರಿನ ಹೊಲ ಮಾರಾಟವಾಗಿ, ಕೊಂಡವರು ಮರವನ್ನು ಉರುಳಿಸಿದರು. ಹಾಗಾಗಿ ಪಾತಿಯಲ್ಲಿ ಮೊಳೆತ ಹದಿನಾಲ್ಕು ಸಸಿಗಳೇ ಆ ಮರದ್ದಾಗಿ ಉಳಿದದ್ದು. ಅವು ಮೊಣಕಾಲುದ್ದವಾದ ಮೇಲೆ ಸ್ಮಶಾನದ ಉತ್ತರಕ್ಕೆ ಸಾಲಾಗಿ ನೆಡುತ್ತೇನೆ, ಮಿರ್ನಾಗೆ ಗಾಳಿ ತಾಗಬಾರದು ಎಂದು ಆರ್ವಿಡ್ ಹೇಳಿದ. ಅವನ ಬಾಯಿಂದ ಇಷ್ಟು ಉದ್ದದ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಅದಕ್ಕೆಂದೇ ಒಂದು ಪುಟ್ಟ ಕಿತ್ತಳೆ ಬಣ್ಣದ ಟ್ರ್ಯಾಕ್ಟರ್ ಕೊಂಡ. ಅದರ ಹಿಂದೆ ಗುಂಡಿ ಕೊರೆಯುವ ದೊಡ್ಡ ಬೈರಿಗೆ. ಸಸಿಗಳು ಬೆಳೆಯುವವರೆಗೆ ಕೈ ಪಳಗಲಿ ಎಂದು ಊರವರ ಅಂಗಳಕ್ಕೆಲ್ಲ ಗಿಡ ನೆಡಲು ಹೊರಟ. ಯಾರಲ್ಲೂ ಒಂದು ಕಾಸು ಮುಟ್ಟಲಿಲ್ಲ. ನಮ್ಮದು ಜಿಗುಟು ಕಪ್ಪುಮಣ್ಣು. ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ಅದಕ್ಕೇ ಅವನು ಮಳೆ ನಿಂತ ಮಾರನೆಯ ಬೆಳಿಗ್ಗೆಯೇ ಬರುತ್ತಿದ್ದ. ಸೀಟಿನಲ್ಲಿ ಕುಳಿತು, ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಬೈರಿಗೆಯನ್ನು ಒಂದು ಗೇಣು ಇಳಿಸಿ, ಎತ್ತಿ ಮಣ್ಣು ಕೊಡವಿ, ಮತ್ತೆ ಇಳಿಸುವ ಅವನ ಹದ ನೋಡಲು ಚೆಂದವಿತ್ತು. ಒಂದು ಕಾಫಿ ಆರುವಷ್ಟರಲ್ಲಿ ಗುಂಡಿ ಸಿದ್ಧ. ಆಮೇಲೆ ಇಳಿದು ಬಂದು ಒಳಗೋಡೆಯನ್ನು ಬೆರಳಿನಿಂದ ಸವರಿ, "ನೋಡು ವಾಂಡಾ, ಹೆಂಗೆ ಗಾಜಿದ್ದಂಗಿದೆ" ಎನ್ನುತ್ತಿದ್ದ. ನಮ್ಮ ಅಂಗಳದಲ್ಲಿ ಅವನು ಸೇಬಿನ ಗಿಡ ನೆಟ್ಟ ದಿನ ನಾನೂ ಸವರಿ, ಹೊಗಳಿ, ನಿಂಬೆಹಣ್ಣು ಹಾಕಿದ ಸಿಹಿ ಬಿಲ್ಲೆಗಳನ್ನು ಡಬ್ಬಿ ತುಂಬ ಕೊಟ್ಟು ಕಳಿಸಿದೆ.

ಮಿರ್ನಾ ಹೋದ ಮೇಲಿನ ನಾಲ್ಕನೆಯ ವಸಂತದ ಆರಂಭದಲ್ಲಿ ಒಂದು ದಿನ ಆ ಸೇಬಿನ ಗಿಡಕ್ಕೆ ಮೊಲಗಳ ಕಾಟ ತಪ್ಪಿಸಲು ಬಲೆ ಸುತ್ತುತ್ತಿದ್ದೆ. ಕಾಂಡದಲ್ಲಿ ನರ್ಸರಿಯ ಪಟ್ಟಿ ನೇತಾಡುತ್ತಿತ್ತು. ಅದರ ಮೇಲಿದ್ದದ್ದು ಹಿಂದಿನ ವರ್ಷದ ಇಸವಿ. ಗಿಡ ನೆಟ್ಟದ್ದು ಅದಕ್ಕೂ ಒಂದು ವರ್ಷ ಮೊದಲು. ನಾನು ಲೈಲ್‌ನನ್ನು ಕೂಗಿದೆ.

"ಇದೇನಿದು?"

ಲೈಲ್ ತನ್ನ ಬೂಟಿನ ತುದಿ ನೋಡಿದ. "ಪಟ್ಟಿ."

"ಪಟ್ಟಿ ಅಂತ ಗೊತ್ತು. ಗಿಡ ಯಾವುದು?"

"ಅದೇ ಗಿಡ. ಅಂದ್ರೆ… ಅದೇ ಜಾತಿದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಮುಖ. ಒಂದೊಂದೇ ಮಾತು ಎಳೆದು ಹೊರಗೆ ತೆಗೆದೆ. ಆರ್ವಿಡ್ ನೆಟ್ಟ ಸೇಬು ಎರಡನೆಯ ಬೇಸಿಗೆಗೇ ಸತ್ತಿತ್ತು. ನಾನು ತವರಿಗೆ ಹೋಗಿದ್ದಾಗ ಲೈಲ್ ಅದನ್ನು ಕಿತ್ತು, ಪಟ್ಟಣದಿಂದ ಅಂಥದ್ದೇ ತಂದು ಗುದ್ದಲಿಯಿಂದ ಅಗೆದು ನೆಟ್ಟಿದ್ದ. ನನಗೂ ಹೇಳಿರಲಿಲ್ಲ. ಹೇಳಿದರೆ ನಾನು ಆರ್ವಿಡ್‌ಗೆ ಹೇಳಿಬಿಡುತ್ತೇನಲ್ಲ!

"ನೀನೊಬ್ಬನೇನಾ?" ಎಂದೆ.

"ಹಾರ್ಲನ್ ತನ್ನ ಮೇಪಲ್ ಗಿಡ ಬದಲಾಯ್ಸಿದಾನೆ. ಬೇರೆಯವ್ರೂ… ಹೆಚ್ಚುಕಡಿಮೆ ಎಲ್ರೂ. ಪಾಪ, ಹೆಂಡ್ತಿ ಕಳ್ಕೊಂಡಿದಾನೆ, ಬೇಜಾರು ಮಾಡ್ಕೋತಾನೆ ಅಂತ."

ಕೊಟ್ಟಿಗೆಯ ಹಿಂದೆ ಆ ಸತ್ತ ಗಿಡ ಇನ್ನೂ ಬಿದ್ದಿತ್ತು. ಬುಡವನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಬೇರುಗಳು ಒಂದಾದರೂ ಹೊರಕ್ಕೆ ಹೋಗಿರಲಿಲ್ಲ. ಗುಂಡಿಯ ಆಕಾರಕ್ಕೇ ಗುಂಡಗೆ ಸುತ್ತಿ ಸುತ್ತಿ ಸಿಂಬಿಯಾಗಿದ್ದವು. ಒದ್ದೆ ಜಿಗುಟುಮಣ್ಣಿನಲ್ಲಿ ಬೈರಿಗೆ ತಿರುಗಿ ಗೋಡೆಯನ್ನು ಉಜ್ಜಿ ಉಜ್ಜಿ ಮಡಕೆಯ ಹಾಗೆ ಮಾಡಿಬಿಡುತ್ತಿತ್ತು. ಅವನು ಹೆಮ್ಮೆಯಿಂದ ಸವರುತ್ತಿದ್ದ ಆ ನುಣುಪನ್ನು ಯಾವ ಬೇರೂ ದಾಟಲಾರದು. ಮೇಲಿನ ನೀರು ಒಳಗೇ ನಿಂತು ಬೇರು ಕೊಳೆಯುತ್ತಿತ್ತು.

ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಆರ್ವಿಡ್ ಟೋಪಿ ಹಿಂಡುತ್ತ, "ಈ ಸಲ ಮಳೆ ಬಿದ್ದ ಮಾರನೇ ದಿನ ಮಿರ್ನಾ ಓಕ್ ನೆಟ್ಟುಬಿಡ್ತೀನಿ" ಎಂದ. ಎಲ್ಲರೂ "ಒಳ್ಳೇದು, ಒಳ್ಳೇದು" ಎಂದರು. ಅವನು ಹೊರಗೆ ಹೋದದ್ದೇ ತಡ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೇಬು, ಮೇಪಲ್‌ಗಳನ್ನು ಪಟ್ಟಣದಿಂದ ತಂದು ಗುಟ್ಟಾಗಿ ನೆಡಬಹುದು. ಮಿರ್ನಾಳ ಓಕನ್ನು ಎಲ್ಲಿಂದ ತರುವುದು?

"ಯಾರಾದ್ರೂ ಒಂದು ಮಾತು ಹೇಳ್ಬೇಕು" ಎಂದ ಹಾರ್ಲನ್. ಆರ್ವಿಡ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು ಅವನು.

"ನೀವೇ ಹೇಳ್ಬಹುದಲ್ಲ?" ಎಂದೆ.

"ನಾನಾ? ಅವನು ನಮ್ಮನೇಲಿ ಅಷ್ಟು ಕಷ್ಟಪಟ್ಟಿದಾನೆ…"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ಕಪ್ಪಿನ ತಳ ನೋಡಿದರು. ಆಮೇಲೆ ನಿಧಾನವಾಗಿ, ಬಹಳ ವಿನಯದಿಂದ, ಎಲ್ಲರ ಕಣ್ಣೂ ನನ್ನತ್ತ ತಿರುಗಿದವು.

"ಆಹಾ! ನಲವತ್ತು ವರ್ಷ ಈ ಬಾಯಿ ಮುಚ್ಚಿಸೋಕೆ ನೋಡಿದ್ರಿ. ಇವತ್ತು ಬೇಕಾಯ್ತಾ?" ಎಂದೆ. ಒಬ್ಬರು ನನ್ನ ಕಪ್ಪಿಗೆ ಕಾಫಿ ಹಾಕಿದರು.

ಬುಧವಾರ ಮಳೆ ಬಿತ್ತು. ಸಂಜೆ ಅದು ನಿಲ್ಲುತ್ತಲೇ ನಾನು ಸತ್ತ ಗಿಡವನ್ನು ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಆರ್ವಿಡ್‌ನ ಮನೆಗೆ ಹೋದೆ. ಅವನು ಬೈರಿಗೆಗೆ ಎಣ್ಣೆ ಬಿಡುತ್ತಿದ್ದ. ಪಕ್ಕದಲ್ಲಿ ಹದಿನಾಲ್ಕು ಓಕ್ ಸಸಿಗಳು ಬುಡದ ಮಣ್ಣಿನ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ಸಾಲಾಗಿ ನಿಂತಿದ್ದವು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅವನ್ನು ನೋಡಿ ಮರೆತೇಹೋಯಿತು.

"ಆರ್ವಿಡ್, ಇದು ನೀನು ನಮ್ಮನೇಲಿ ನೆಟ್ಟ ಸೇಬು. ಸತ್ತುಹೋಯ್ತು. ಎಲ್ಲರ ಮನೇದೂ ಸತ್ತಿದೆ. ಬೇರು ನೋಡು."

ಅವನು ಗಿಡವನ್ನು ಕೈಗೆ ತೆಗೆದುಕೊಂಡ. ಸಿಂಬಿಯಾದ ಬೇರಿನೊಳಗೆ ಬೆರಳು ತೂರಿಸಿ, ಸುತ್ತು ಬಿಡಿಸಲು ನೋಡಿದ.

"ಎಲ್ಲರದೂ?" ಎಂದ.

"ಹೂಂ. ಗೋಡೆ ನುಣುಪಾದ್ರೆ ಬೇರು ಹೊರಗೆ ಹೋಗಲ್ಲ ಕಣಪ್ಪ. ನಾಳೆ ಇವನ್ನ ನೆಡಬೇಡ."

ಅವನು ಗಿಡವನ್ನು ಮೆಲ್ಲಗೆ ನೆಲಕ್ಕಿಟ್ಟು, ಓಕ್ ಸಸಿಗಳನ್ನು ನೆರಳಿಗೆ ಸರಿಸಿ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಪಿಕಪ್‌ನಲ್ಲಿ ಕುಳಿತು ಅತ್ತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಅವನು ಒದ್ದಿದ್ದರೇ ವಾಸಿಯಿತ್ತು.

ಆಮೇಲೆ ಟ್ರ್ಯಾಕ್ಟರ್ ಸದ್ದೇ ಇಲ್ಲ. ಆರ್ವಿಡ್ ಕಾರಿನಲ್ಲಿ ಊರೆಲ್ಲ ತಿರುಗುತ್ತಿದ್ದಾನೆ, ಒಬ್ಬೊಬ್ಬರ ಅಂಗಳದಲ್ಲೂ ನಿಂತು ಗಿಡ ನೋಡಿ ಮಾತಾಡದೆ ಹೋಗುತ್ತಿದ್ದಾನೆ ಎಂಬ ಸುದ್ದಿ ಬಂತು. ಊರವರು ನನ್ನನ್ನು ಬೈಯಲಿಲ್ಲ. ಅದಕ್ಕೆ ಬದಲು ತಿಂಡಿಯ ಡಬ್ಬಿಗಳನ್ನು ತಂದುಕೊಟ್ಟು, "ನೀನಾದ್ರೂ ಏನ್ಮಾಡ್ತೀಯ ಬಿಡು" ಎಂದರು. ಅದಕ್ಕಿಂತ ಎರಡು ಬಾರಿಸಿದ್ದರೆ ಸಹಿಸುತ್ತಿದ್ದೆ.

ಮುಂದಿನ ಭಾನುವಾರ ನೆಲಮಾಳಿಗೆಯಲ್ಲಿ ಆರ್ವಿಡ್ ಎದ್ದು ನಿಂತ. ಅವನು ಎದ್ದು ನಿಂತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಚಮಚಗಳ ಸದ್ದು ನಿಂತಿತು.

"ಎಲ್ಲರ ಮನೆಗೂ ಹೋಗಿ ಬಂದೆ" ಎಂದ. "ಹಾರ್ಲನ್, ನಿನ್ನ ಮೇಪಲ್ ಒಂದೇ ಚಳಿಗಾಲದಲ್ಲಿ ಒಂದು ಮೊಳ ಗಿಡ್ಡ ಆಯ್ತು. ಆಗ್ಲೇ ನೋಡಿದ್ದೆ. ನನ್ನ ಗಿಡ ನಿಂಗೆ ಹಿಡಿಸ್ಲಿಲ್ಲ, ಕಿತ್ತು ಬೇರೆ ಹಾಕ್ಕೊಂಡೆ ಅಂದ್ಕೊಂಡೆ. ಕೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಯಾರೋ ಒಬ್ಬರು ಪುಸಕ್ಕನೆ ನಕ್ಕರು. ಹಾರ್ಲನ್‌ನ ಕಿವಿ ಕೆಂಪಾಯಿತು. ಆಮೇಲೆ ಇಡೀ ನೆಲಮಾಳಿಗೆ ನಕ್ಕಿತು, ಆರ್ವಿಡ್ ಕೂಡ. ನಗು ಇಳಿದ ಮೇಲೆ ಅವನು ಟೋಪಿಯನ್ನು ಮೇಜಿನ ಮೇಲಿಟ್ಟ.

"ಮಿರ್ನಾ ಇದ್ದಾಗ ದಿನಾ ಹೇಳೋಳು. ಅಂಗಿ ಗುಂಡಿ ತಪ್ಪು ಹಾಕಿದೀಯ, ಲಾರಿ ಓರೆ ನಿಲ್ಸಿದೀಯ, ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ. ಅವಳು ಹೋದ್ಮೇಲೆ ನಾನು ಮಾಡಿದ್ದೆಲ್ಲ ಸರೀನೇ. ಎಲ್ರೂ ಚೆನ್ನಾಗಿದೆ, ಚೆನ್ನಾಗಿದೆ ಅಂದ್ರಿ. ನಿಮ್ಮ ಒಳ್ಳೇತನ ನಂಗೆ ಗೊತ್ತು. ಆದ್ರೆ ಮನೇಲಿ ಒಬ್ನೇ ಇರೋದಕ್ಕಿಂತ ಅದು ಜಾಸ್ತಿ ಒಂಟಿ ಅನ್ನಿಸ್ತಿತ್ತು. ಮೊನ್ನೆ ವಾಂಡಾ ಬಂದು ಬೈದ್ಲು. ಒಳಗೆ ಹೋಗಿ ಕೂತ್ಕೊಂಡೆ. ಮನೇಲಿ ಯಾರೋ ಇದಾರೆ ಅನ್ನಿಸ್ತು."

ನಾನು ಬೈದಿರಲಿಲ್ಲ. ಆದರೂ ಅದನ್ನು ತಿದ್ದಲು ಹೋಗದೆ ಕಣ್ಣು ಒರೆಸಿಕೊಂಡೆ. ಪೋಲಿಷ್ ಊರಿನಿಂದ ತಂದ ಈ ಬಾಯಿಗೆ ಇಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು. ಅದನ್ನು ಕೊಟ್ಟವನಿಗೆ ನಾನು ಇರುವವರೆಗೂ ಋಣಿ.

ಈ ಸಲ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉದುರುವ ಹದಕ್ಕೆ ಬರುವತನಕ ಕಾದೆವು. ಹಾರ್ಲನ್ ಬೈರಿಗೆಯ ಅಂಚಿಗೆ ಕಬ್ಬಿಣದ ಹಲ್ಲುಗಳನ್ನು ಬೆಸೆದುಕೊಟ್ಟ, ಗೋಡೆ ಪರಚಿಕೊಂಡು ಬರಲಿ ಎಂದು. ಆರ್ವಿಡ್ ಒಂದೊಂದೇ ಗುಂಡಿ ಕೊರೆದು ಮುಂದೆ ಹೋದಂತೆ ಊರಿನವರೆಲ್ಲ, ಮೊಣಕಾಲೂರಿ, ತೋಳನ್ನು ಭುಜದವರೆಗೂ ಗುಂಡಿಗಿಳಿಸಿ, ಕೈಗುದ್ದಲಿಯಿಂದ ಒಳಗೋಡೆ ಕೆತ್ತಿದೆವು.

"ಇನ್ನೂ ನುಣುಪಿದೆ, ಕೆರೀರಿ!" ಎಂದು ನಾನು ಕೂಗುತ್ತಿದ್ದೆ.

"ಅಪ್ಪಣೆ, ದೊರೆಸಾನಿ" ಎಂದ ಲೈಲ್ ಗುಂಡಿಯೊಳಗಿಂದ. ಯಾರೂ ನನಗೆ ಮೆಲ್ಲಗೆ ಮಾತಾಡು ಎನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕೂ ನೆಲ ಸೇರಿದವು.

ಮೊದಲ ಬೇಸಿಗೆ ಕಳೆಯಿತು. ಹಳೆಯ ಗಿಡಗಳನ್ನು ಕೊಂದ ಎರಡನೆಯ ಬೇಸಿಗೆಯೂ ಕಳೆಯಿತು. ಅದರ ಮರುವಸಂತದಲ್ಲಿ ಒಂದು ಬೆಳಿಗ್ಗೆ ನಾನು ಆರ್ವಿಡ್‌ನ ಅಂಗಳದಲ್ಲಿ ನಿಂತು ಅವನ ಟೊಮೇಟೊ ಪಾತಿ ಸೊಟ್ಟಗಿದೆ ಎಂದು ಹೇಳುತ್ತಿದ್ದೆ. ಹಾರ್ಲನ್‌ನ ಪಿಕಪ್ ಬಂತು. ಇಳಿದವನು ನೇರ ಬರಲಿಲ್ಲ. ಒಂದು ಸಲ ಟೈರ್ ಒದ್ದ, ಆಕಾಶ ನೋಡಿದ, ಬೀಟ್ ಬಿತ್ತನೆಯ ವಿಷಯ ತೆಗೆದ, ಬಿಟ್ಟ. ಆಮೇಲೆ ಟೋಪಿ ತೆಗೆದ.

"ಆರ್ವಿಡ್, ನಾನೊಂದು ಹೇಳ್ಬೇಕು. ಸ್ಮಶಾನದ ಕಡೆಯಿಂದ ಬಂದೆ. ಎಲ್ಲ ಚಿಗುರಿದೆ. ಮಿರ್ನಾ ಸಮಾಧಿ ನೇರಕ್ಕಿರೋದು ಮಾತ್ರ… ಅದು ಸತ್ತಿದೆ ಅನ್ಸುತ್ತೆ ಕಣೋ."

ಅರವತ್ತು ವರ್ಷದ ಸ್ನೇಹದಲ್ಲಿ ಹಾರ್ಲನ್ ಅವನಿಗೆ ಒಂದೂ ಕೆಟ್ಟ ಸುದ್ದಿ ಹೇಳಿದವನಲ್ಲ.

ಮೂವರೂ ಹೋದೆವು. ಆರ್ವಿಡ್ ಆ ಸಸಿಯ ಮುಂದೆ ಮೊಣಕಾಲೂರಿದ. ಒಂದು ಎಲೆಯಿಲ್ಲ, ಮೊಗ್ಗೂ ಇಲ್ಲ. ಹೆಬ್ಬೆರಳ ಉಗುರಿನಿಂದ ತೊಗಟೆಯನ್ನು ಚೂರೇ ಕೆರೆದ. ಒಳಗೆ ಹಸಿ ಹಸಿರು.

"ಜೀವ ಇದೆ" ಎಂದ ಆರ್ವಿಡ್. "ಇದೊಂದು ತಡವಾಗಿ ಚಿಗುರುತ್ತೆ, ಅಷ್ಟೆ."

ಹಾರ್ಲನ್ ಮುಖ ಒರೆಸಿಕೊಂಡ. "ಛೆ, ಸುಮ್ನೆ ಬಾಯಿಬಿಟ್ಟೆ. ತಪ್ಪಾಯ್ತು ಮಾರಾಯ, ನಾನು ಹೇಳ್ಬಾರ್ದಿತ್ತು."

ಆರ್ವಿಡ್ ಎದ್ದು, ನಮ್ಮೂರಿನ ಗಂಡಸರು ಎಂದೂ ಮಾಡದ ಕೆಲಸ ಮಾಡಿದ. ಹಾರ್ಲನ್‌ನ ಎರಡೂ ಕೈ ಹಿಡಿದುಕೊಂಡ.

"ನಿಜವಾಗ್ಲೂ ಸತ್ತಿದ್ರೂ ನೀನು ಬಂದು ಹೇಳ್ತಿದ್ದೆ ಅಲ್ವೇನೋ?"

"ಹೇಳ್ತಿದ್ದೆ."

"ಅಷ್ಟು ಸಾಕು ಕಣೋ" ಎಂದ ಆರ್ವಿಡ್, ಕೈ ಬಿಡದೆ.