ಮುತ್ಯಾನವರೆಗೆ ಕೇಳುವ ಗುರುಲಿಂಗಮ್ಮ

ನಿಜಾಮರ ಕಾಲದಲ್ಲಿ ತೆಂಗಳಿಯ ಗುರುಲಿಂಗಮ್ಮ ಊರಿನ ಯಾವ ಹುಡುಗಿಗೆ ವರ ಬಂದರೂ ಹೊಲಮನೆ ಕೇಳುವವಳಲ್ಲ. ವರನ ಊರಿಗೆ ಹೋಗಿ, ಮೂಗಿಗೆ ಸೆರಗು ಹಿಡಿದು, ನೇರ ಸೇಂದಿ ಅಂಗಡಿಯ ಮುಂದೆ ನಿಲ್ಲುವಳು. “ಯಣ್ಣಾ, ಆ ಮನ್ಯಾಗ ನಿನ್ನ ಗಿರಾಕಿ ಯಾರ್ಯಾರು? ಹುಡುಗನ್ನ ಬಿಡು, ಅವರಪ್ಪನ್ನ ಹೇಳು, ಮುತ್ಯಾನ್ನ ಹೇಳು.” ಬೋಳುತಲೆಯಂತೆ ಕುಡಿತವೂ ಮನೆತನದಲ್ಲಿ ಇಳಿದು ಬರುತ್ತದೆ ಎಂದು ಅವಳ ನಂಬಿಕೆ. ಹುಡುಗಿಯ ಮನೆಯವರು ಮುಜುಗರಪಟ್ಟರೆ, “ಎತ್ತು ತರುವಾಗ ತಳಿ ಕೇಳ್ತೀರಿ, ಅಳಿಯನ್ನ ತರುವಾಗ ನಾಚಿಕಿ ಯಾಕ್ರಿ?” ಎನ್ನುವಳು. ಅವಳು ಬರುತ್ತಾಳೆಂದು ಗೊತ್ತಾದರೆ ಸುತ್ತಲಿನ ಹಳ್ಳಿಗಳ ಮುದುಕರು ವಾರ ಮೊದಲೇ ಸೇಂದಿ ಬಿಡುತ್ತಿದ್ದರಂತೆ. ಅವಳ ಮಗ ಕಲ್ಯಾಣಪ್ಪನಿಗೆ ಹೆಣ್ಣು ಕೊಡಲು ಬಂದ ಐನಾಪುರದವರು ಮಾತ್ರ, ಗುರುಲಿಂಗಮ್ಮನ ಮನೆ ಎಂದ ಮೇಲೆ ಕೇಳುವುದೇನು ಎಂದು, ಏನೂ ವಿಚಾರಿಸದೆ ಎಲೆಅಡಿಕೆಯ ತಾಟು ಮುಂದಿಟ್ಟರು. ಅವಳು ಕೈ ಚಾಚಲಿಲ್ಲ. “ನಮ್ಮ ಮಾವ ಕುಡದು ಕುಡದೇ ಸತ್ರು, ನಮ್ಮ ಯಜಮಾನ್ರೂ ಕುಡದೇ ಸತ್ರು. ನನ್ನ ಮಗ ಇನ್ನೂ ಮುಟ್ಟಿಲ್ಲರಿ. ಆದ್ರ ಲಗ್ನದ ಹೊತ್ತಿಗಿ ಅವರಪ್ಪನೂ ಮುಟ್ಟಿದ್ದಿಲ್ಲ. ತಿಳಕೊಂಡು ಕೊಡ್ರಿ,” ಎಂದಳು, ಒಳಗೆ ಕುಳಿತಿದ್ದ ಮಗನಿಗೂ ಕೇಳಲೆಂದು ತುಸು ದನಿ ಎತ್ತಿಯೇ.